ಬೇಳೆಯೊಡನೆ ಕರುಳಿಗೆ ಇಳಿಯುವುದು

ಸೇಡಂ ತಾಲ್ಲೂಕಿನ ಮಳಖೇಡ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಸಭೆ ಕವಿಗಳಿಗೆ, ಗಣಿತಜ್ಞರಿಗೆ, ಜೈನ ಆಚಾರ್ಯರಿಗೆ ಆಶ್ರಯವಾಗಿತ್ತೆಂಬುದು ಕನ್ನಡಿಗರಿಗೆಲ್ಲ ಗೊತ್ತು. ಆ ಸಭೆಯ ಹೆಸರು ಆಹಾರದ ಒಂದು ವಾದದೊಂದಿಗೂ ಸೇರಿಕೊಂಡಿರುವುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಜೈನ ವೈದ್ಯ ಉಗ್ರಾದಿತ್ಯಾಚಾರ್ಯ ಸಂಸ್ಕೃತದಲ್ಲಿ ಬರೆದ 'ಕಲ್ಯಾಣಕಾರಕ'ದ ಕೊನೆಗೆ ಹಿತಾಹಿತ ಎಂಬ ಅಧ್ಯಾಯವಿದೆ. ಮಾಂಸಾಹಾರದಿಂದ ಪ್ರಯೋಜನವಿಲ್ಲ ಎಂದು ನೃಪತುಂಗನ ಸಭೆಯಲ್ಲಿ ವಿದ್ವಾಂಸರ ಮತ್ತು ವೈದ್ಯರ ಎದುರು ಮಂಡಿಸಿದ ವಾದ ಅದು ಎಂದು ಗ್ರಂಥವೇ ಹೇಳುತ್ತದೆ. ಉಗ್ರಾದಿತ್ಯ ತನ್ನ ಔಷಧಿಗಳಲ್ಲಿ ಮಾಂಸ, ಮದ್ಯ, ಜೇನು ಮೂರನ್ನೂ ಕೈಬಿಟ್ಟವನು. 1940ರಲ್ಲಿ ಸೊಲ್ಲಾಪುರದಲ್ಲಿ ಈ ಗ್ರಂಥ ಅಚ್ಚಾಯಿತು.

ಈ ವಾದವನ್ನು ಮೊದಲಿಗೆ ತರುವುದಕ್ಕೆ ಕಾರಣವಿದೆ. ಅಹಿಂಸೆ ಉಗ್ರಾದಿತ್ಯನ ನಂಬಿಕೆಯಾದರೂ ಅವನು ಮಾತಾಡಿದ್ದು ವೈದ್ಯರ ಮುಂದೆ, ವೈದ್ಯನಾಗಿ. ಮಾಂಸ ಬಿಟ್ಟರೆ ದೇಹಕ್ಕೆ ಏನಾಗುತ್ತದೆ, ಅದರ ಜಾಗದಲ್ಲಿ ಏನು ತಿನ್ನಬೇಕು ಎಂಬುದು ಅಲ್ಲಿ ಧರ್ಮದ ಜೊತೆಗೆ ಆರೋಗ್ಯದ ಪ್ರಶ್ನೆಯೂ ಆಗಿತ್ತು. ಎದುರು ಪಕ್ಷವೂ ದುರ್ಬಲವಾಗಿರಲಿಲ್ಲ. ಚರಕ, ಸುಶ್ರುತರು ಕೃಶರಾದವರಿಗೆ ಮಾಂಸರಸವನ್ನು ಬಲವರ್ಧಕವೆಂದು ಹೇಳಿದ್ದರು. ಬೇಳೆಕಾಳುಗಳ ವಿಷಯದಲ್ಲಿ ಅದೇ ಪರಂಪರೆ ಎಚ್ಚರಿಕೆಯಿಂದಿತ್ತು: ಹೆಸರು ಎಲ್ಲಕ್ಕಿಂತ ಹಗುರ, ಉದ್ದು ಜಡ, ತೊಗರಿ ಕಫ ಪಿತ್ತಗಳನ್ನು ತಗ್ಗಿಸಿದರೂ ವಾತ ಹೆಚ್ಚಿಸುವಂಥದು. ಕಾಳು ತಿಂದರೆ ಹೊಟ್ಟೆಯಲ್ಲಿ ವಾಯು ಆಗುತ್ತದೆ ಎಂದು ಇಂದಿಗೂ ಮನೆಮನೆಯಲ್ಲಿ ಹೇಳುವ ಮಾತಿನ ಬೇರು ಅಲ್ಲಿದೆ. ಆ ವಾಯು ಎಲ್ಲಿ, ಯಾಕೆ ಹುಟ್ಟುತ್ತದೆ ಎಂದು ತಿಳಿಯಲು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ತಿಳಿವಳಿಕೆಯೇ ಇಂದು ಮಾಂಸ ಮತ್ತು ಸಸ್ಯ ಪ್ರೋಟೀನಿನ ನಡುವಿನ ಚರ್ಚೆಯ ಕೇಂದ್ರಕ್ಕೆ ಬಂದಿದೆ.

ತೂಕದ ಕಾಲ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಪ್ರೋಟೀನ್ ಎಂದರೆ ಮಾಂಸ ಎಂದೇ ಅರ್ಥ. ಜರ್ಮನ್ ರಸಾಯನಜ್ಞ ಯುಸ್ಟುಸ್ ಲೀಬಿಗ್ ಸ್ನಾಯುವಿನ ಕೆಲಸಕ್ಕೆ ಪ್ರೋಟೀನೇ ಇಂಧನ ಎಂದು ಸಾರಿದ. ಅವನ ಶಿಷ್ಯಪರಂಪರೆಯ ಕಾರ್ಲ್ ಫೊಯ್ಟ್ ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಪ್ರೋಟೀನ್ ಬೇಕು ಎಂದ. 1904ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡೆನ್ ಸೈನಿಕರಿಗೂ ಕ್ರೀಡಾಪಟುಗಳಿಗೂ ಅದರ ಅರ್ಧದಷ್ಟನ್ನೇ ಕೊಟ್ಟು, ಅವರ ಬಲ ಕುಗ್ಗಲಿಲ್ಲವೆಂದು ತೋರಿಸಿದರೂ ಫೊಯ್ಟ್‌ನ ಅಂಕಿಯ ಮೇಲಿನ ಮೋಹ ಬೇಗ ಕರಗಲಿಲ್ಲ.

ಆ ಅಂಕಿ ಹಿಂದೂಸ್ತಾನಕ್ಕೂ ಬಂತು. ಕಲಕತ್ತೆಯ ಮೆಡಿಕಲ್ ಕಾಲೇಜಿನ ಡೇವಿಡ್ ಮೆಕೇ ಬಂಗಾಳದ ಸೆರೆಮನೆಗಳ ಊಟವನ್ನು ತೂಗಿ, ಕೈದಿಗಳ ಮಲವನ್ನೂ ಪರೀಕ್ಷಿಸಿ, 1910ರಲ್ಲಿ ವರದಿ ಮಾಡಿದ. ಅನ್ನ ಬೇಳೆಯ ದೊಡ್ಡ ಊಟದಲ್ಲಿ ಪ್ರೋಟೀನಿನ ಗಣನೀಯ ಪಾಲು ಮೈಗೆ ಹತ್ತದೆ ಹೊರಹೋಗುತ್ತದೆ ಎಂಬುದು ಅವನ ಕಂಡುಕೊಳ್ಳುವಿಕೆ. 1912ರ ಪುಸ್ತಕದಲ್ಲಿ ಅದರ ಮೇಲೆ ಅವನು ಕಟ್ಟಿದ ತೀರ್ಮಾನ ಬೇರೆ: ಮಾಂಸ ಗೋಧಿ ತಿನ್ನುವವರು ಶೂರರು, ಅನ್ನ ಬೇಳೆ ತಿನ್ನುವವರು ದುರ್ಬಲರು. ಆಳುವವರ ಜನಾಂಗದ ಕಲ್ಪನೆಗೆ ಪ್ರೋಟೀನಿನ ಲೆಕ್ಕ ಊರುಗೋಲಾಯಿತು. ಆ ತೀರ್ಮಾನವನ್ನು ನಾವು ತಿರಸ್ಕರಿಸಲೇಬೇಕು. ಅದರ ಕೆಳಗಿದ್ದ ಅಳತೆಯನ್ನು ಮಾತ್ರ ತಿರಸ್ಕರಿಸಲಾಗದು. ನೂರು ವರ್ಷದ ಮೇಲೆ ಬೆಂಗಳೂರಿನಲ್ಲಿ ಅದಕ್ಕೆ ಮತ್ತೆ ಸಾಕ್ಷಿ ಸಿಕ್ಕಿದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಕರುಳಿನ ಕಡೆ ಕಣ್ಣು ಹಾಯಿಸಿದವನು ನೀಲಗಿರಿಯ ಕೂನೂರಿನಲ್ಲಿ ಪ್ರಯೋಗಾಲಯ ಕಟ್ಟಿದ ರಾಬರ್ಟ್ ಮೆಕ್ಯಾರಿಸನ್. ಕೊರತೆಯ ಆಹಾರ ಕೊಟ್ಟ ಮಂಗಗಳ ಕರುಳಿನ ಗೋಡೆ ತೆಳುವಾಗಿ, ಉರಿಯೂತ ಹುಟ್ಟಿ, ಭೇದಿ ಹತ್ತುವುದನ್ನು ಅವನು 1921ರ ಗ್ರಂಥದಲ್ಲಿ ವಿವರಿಸಿದ. ಮುಂದೆ ಇಲಿಗಳಿಗೆ ದೇಶದ ಬೇರೆಬೇರೆ ಪ್ರಾಂತಗಳ ಊಟ ಹಾಕಿ ಹೋಲಿಸಿದಾಗ, ಚೆನ್ನಾಗಿ ಬೆಳೆದವು ಪಂಜಾಬಿನ ಊಟ ತಿಂದವು. ಆ ಊಟದಲ್ಲಿದ್ದದ್ದು ತೌಡು ತೆಗೆಯದ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಕಾಳು, ತರಕಾರಿ, ವಾರಕ್ಕೊಮ್ಮೆ ಮಾಂಸ. ನಮ್ಮ ಕಲಬುರಗಿ ಸೀಮೆಯ ಉಳ್ಳವರ ಮನೆಯ ಊಟ ಇದಕ್ಕಿಂತ ಬಹಳ ದೂರ ಇರಲಿಲ್ಲ. ಗೋಧಿಯ ಜಾಗದಲ್ಲಿ ಬಿಳಿ ಜೋಳ, ಕಾಳಿನ ಜಾಗದಲ್ಲಿ ತೊಗರಿ. ಇಲ್ಲದವರ ಮನೆಯಲ್ಲಿ ರೊಟ್ಟಿ ಇತ್ತು, ಮೇಲೆ ಹಾಕಿಕೊಳ್ಳಲು ಬ್ಯಾಳಿ ಇರಲಿಲ್ಲ.

ಬರೀ ರೊಟ್ಟಿಯ ಕಾಯಿಲೆ

ಆ ಇಲ್ಲದಿರುವಿಕೆಯ ಕಥೆ ಹೈದರಾಬಾದಿನಲ್ಲಿ ಬರೆಯಲ್ಪಟ್ಟಿತು. ಕೂನೂರಿನ ಪ್ರಯೋಗಾಲಯ 1950ರ ದಶಕದ ಕೊನೆಗೆ ಹೈದರಾಬಾದಿಗೆ ಸ್ಥಳಾಂತರವಾಗಿ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ದಖ್ಖನಿನ ಆಸ್ಪತ್ರೆಗಳಿಗೆ ಆಗ ಒಂದು ಬಗೆಯ ರೋಗಿಗಳು ಬರುತ್ತಿದ್ದರು. ಬಿಸಿಲು ಬಿದ್ದ ಕತ್ತು, ಕೈಗಳ ಮೇಲೆ ಕಪ್ಪಾಗಿ ಸುಲಿದ ಚರ್ಮ, ನಿಲ್ಲದ ಭೇದಿ, ಬಾಯಿಹುಣ್ಣು, ಮಂಕು. ಇದು ಪೆಲಾಗ್ರಾ, ನಯಾಸಿನ್ ಎಂಬ ಜೀವಸತ್ವದ ಕೊರತೆ. ಅಮೆರಿಕ, ಇಟಲಿಗಳಲ್ಲಿ ಮೆಕ್ಕೆಜೋಳ ತಿನ್ನುವ ಬಡವರನ್ನು ಕಾಡಿದ ರೋಗ ಇಲ್ಲಿ ಜೋಳ ತಿನ್ನುವವರಲ್ಲಿ ಕಾಣಿಸಿತು. ಜೋಳದಲ್ಲಿ ನಯಾಸಿನ್ ಕಡಿಮೆ ಏನಲ್ಲ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವಿವರಣೆ ಕೊಟ್ಟರು: ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿದ್ದು, ದೇಹ ಟ್ರಿಪ್ಟೊಫ್ಯಾನಿನಿಂದ ನಯಾಸಿನ್ ತಯಾರಿಸಿಕೊಳ್ಳುವ ಹಾದಿಗೆ ಅದು ಅಡ್ಡಬರುತ್ತದೆ. ಲ್ಯೂಸಿನ್ ಒಂದೇ ಕಾರಣವೇ ಎಂಬ ಬಗ್ಗೆ ಮುಂದೆ ವಿಜ್ಞಾನಿಗಳು ಬಹಳ ವಾದಿಸಿದರು. ಜೋಳವೊಂದನ್ನೇ ನಂಬಿದ ತಟ್ಟೆ ಕರುಳನ್ನು ಕೆಡಿಸುತ್ತದೆ ಎಂಬ ಮಾತಿಗೆ ಮಾತ್ರ ವಿರೋಧ ಬರಲಿಲ್ಲ.

ಕಲಬುರಗಿ ಸೀಮೆಯ ಓದುಗರು ಈ ಅಧ್ಯಾಯವನ್ನು ವಿಶೇಷವಾಗಿ ನೆನಪಿಡಬೇಕು. ಸಸ್ಯಾಹಾರ ಎಂದ ಕೂಡಲೇ ಒಳ್ಳೆಯದು ಎಂದುಕೊಳ್ಳುವವರಿಗೆ ಇದು ಉತ್ತರ. ಪೆಲಾಗ್ರಾ ಬಂದವರ ತಟ್ಟೆಯಲ್ಲೂ ಇದ್ದದ್ದು ಸಸ್ಯವೇ. ಹಾಲು, ಕಾಳು, ತತ್ತಿ, ಮಾಂಸ ಸಾಕಷ್ಟು ಸೇರಿದ ತಟ್ಟೆಗಳಿಗೆ ಈ ರೋಗ ಬರುವುದು ಅಪರೂಪ.

ಅದೇ ಹೊತ್ತಿಗೆ ಜಗತ್ತಿಗೆ ಪ್ರೋಟೀನ್ ಬರಗಾಲ ಬಂದಿದೆ ಎಂಬ ಕೂಗೆದ್ದಿತ್ತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ವಿ. ಸುಬ್ರಹ್ಮಣ್ಯನ್ ಅವರ ನಾಯಕತ್ವದಲ್ಲಿ ಶೇಂಗಾ ಹಿಂಡಿಯ ಹಿಟ್ಟು ಮತ್ತು ಕಡಲೆ ಹಿಟ್ಟನ್ನು ಬೆರೆಸಿ, ಜೀವಸತ್ವ ಸೇರಿಸಿ, ಬಹೂಪಯೋಗಿ ಆಹಾರ ಎಂಬ ಪುಡಿ ತಯಾರಿಸಿತು. ಶೇಂಗಾದಿಂದ ಹಾಲನ್ನೂ ಮಾಡಿತು. ದುಬಾರಿ ಹಾಲು ಮಾಂಸಗಳ ಬದಲಿಗೆ ಅಗ್ಗದ ಸಸ್ಯ ಪ್ರೋಟೀನ್ ಕೊಡುವ ಯೋಚನೆ ಕರ್ನಾಟಕದ ನೆಲದಲ್ಲಿ ಸಂಸ್ಥೆಯ ಮಟ್ಟದಲ್ಲಿ ಶುರುವಾದದ್ದು ಹೀಗೆ. ಇಂದು ಕಂಪನಿಗಳು ಮಾರುವ ಸಸ್ಯ ಮಾಂಸಕ್ಕಿಂತ ಅರ್ಧ ಶತಮಾನ ಮೊದಲು. ಆದರೆ ಪುಡಿಯನ್ನು ಜನ ಊಟವೆಂದು ಒಪ್ಪಲಿಲ್ಲ. 1970ರಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಭಾರತದ ಬಡವರಿಗೆ ಕೊರತೆಯಾಗಿರುವುದು ಮುಖ್ಯವಾಗಿ ಹೊಟ್ಟೆ ತುಂಬುವಷ್ಟು ಊಟವೇ, ಏಕದಳ ಮತ್ತು ಕಾಳಿನ ಊಟ ಸಾಕಷ್ಟು ಸಿಕ್ಕರೆ ಪ್ರೋಟೀನ್ ತಾನಾಗಿ ಸಿಗುತ್ತದೆ ಎಂದು ತೋರಿಸಿದರು. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ ಲ್ಯಾನ್ಸೆಟ್‌ನಲ್ಲಿ ಇಡೀ ಪ್ರೋಟೀನ್ ಅಭಿಯಾನವನ್ನೇ ಮಹಾ ವೈಫಲ್ಯ ಎಂದು ಕರೆದ ಮೇಲೆ ಆ ಕಾಲ ಮುಗಿಯಿತು.

ಮೈಸೂರಿನಿಂದ ನಮ್ಮ ಸೀಮೆಗೆ ನಿಜವಾಗಿ ತಲುಪಿದ್ದು ಪುಡಿಯಲ್ಲ, ಗಿರಣಿ. ತೊಗರಿಯ ಸಿಪ್ಪೆ ಅಂಟಿನಿಂದ ಕಾಳಿಗೆ ಗಟ್ಟಿಯಾಗಿ ಹಿಡಿದಿರುತ್ತದೆ. ಹಳ್ಳಿಗಳಲ್ಲಿ ಕಾಳು ನೆನೆಸಿ, ಕೆಮ್ಮಣ್ಣು ಸವರಿ, ದಿನಗಟ್ಟಲೆ ಬಿಸಿಲಿಗೆ ಹಾಕಿ, ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದರು. ಗಿರಣಿಗಳಲ್ಲಿ ಎಣ್ಣೆ ಸವರುವ ಪದ್ಧತಿ ಬಂತು. ಸಿಎಫ್‌ಟಿಆರ್‌ಐಯ ಕುರಿಯನ್ ಮತ್ತು ಪಾರ್ಪಿಯಾ 1960ರ ದಶಕದಲ್ಲಿ ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸಿ ಸಿಪ್ಪೆ ಸಡಿಲಿಸುವ ವಿಧಾನ ರೂಪಿಸಿದರು. ನುಚ್ಚು ಕಡಿಮೆಯಾಗಿ ಬೇಳೆ ಹೆಚ್ಚಾಯಿತು. ಸಣ್ಣ ಬೇಳೆ ಗಿರಣಿಯನ್ನೂ ಅದೇ ಸಂಸ್ಥೆ ತಯಾರಿಸಿತು. ಹೊಲದಲ್ಲಿ ಇನ್ನೊಂದು ಸಂಸ್ಥೆ ಕೆಲಸ ಮಾಡಿತು. 1972ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಆಯ್ಕೆ ಮಾಡಿದ ತಳಿ 1986ರಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ನೆಟೆ ರೋಗ ತಡೆಯುವ ಅದರ ಗುಣದಿಂದ ಕಲಬುರಗಿಯ ಎರೆ ಹೊಲಗಳಲ್ಲಿ ಅದು ವೇಗವಾಗಿ ಹರಡಿತು. ಮುಂದೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಟಿಎಸ್ 3ಆರ್, ಜಿಆರ್‌ಜಿ 811 ತಳಿಗಳು ಬಂದವು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಶಹಾಬಾದಿ ಕಲ್ಲನ್ನೂ ವಾಡಿಯ ಸಿಮೆಂಟನ್ನೂ ಕೊಡುವ ಸುಣ್ಣಕಲ್ಲಿನ ನೆಲವೇ ಈ ಬೇಳೆಯ ರುಚಿಗೂ ಕಾರಣವೆಂದು ಇಲ್ಲಿನ ರೈತರು ಹೇಳುತ್ತಾರೆ.

ನಾರಿನ ಕಡೆಗೆ ತಿರುಗಿದ ಕಣ್ಣು

ಪ್ರೋಟೀನಿನ ತೂಕದ ಲೆಕ್ಕದಿಂದ ವಿಜ್ಞಾನವನ್ನು ಹೊರಗೆಳೆದವನು ಉಗಾಂಡದಲ್ಲಿ ಶಸ್ತ್ರವೈದ್ಯನಾಗಿದ್ದ ಡೆನಿಸ್ ಬರ್ಕಿಟ್. 1970ರ ದಶಕದ ಆರಂಭದಲ್ಲಿ ಅವನೂ ಅವನ ಜೊತೆಗಾರರೂ ಆಫ್ರಿಕದ ಹಳ್ಳಿಗರ ಮತ್ತು ಬ್ರಿಟನ್ನಿನವರ ಮಲದ ತೂಕವನ್ನೂ, ಆಹಾರ ಕರುಳನ್ನು ದಾಟಲು ಹಿಡಿಯುವ ಸಮಯವನ್ನೂ ಅಳೆದರು. ನಾರು ಹೆಚ್ಚು ತಿನ್ನುವ ಹಳ್ಳಿಗರಲ್ಲಿ ಮಲ ಹೆಚ್ಚು, ಸಮಯ ಕಡಿಮೆ. ದೊಡ್ಡ ಕರುಳಿನ ಕ್ಯಾನ್ಸರ್, ಮೂಲವ್ಯಾಧಿಯಂಥವು ಅಪರೂಪ. ಅಲ್ಲಿಯವರೆಗೆ ಕಸವೆಂದು ಕಂಡಿದ್ದ ನಾರು ಆಹಾರವಾಗಿ ಕಾಣಿಸಿದ್ದು ಆಗ.

ಭಾರತದಲ್ಲಿ ಇಂಥದೇ ಕೆಲಸವನ್ನು ಅದಕ್ಕೂ ಮೊದಲೇ ಮಾಡಿದವರು ರೈಲ್ವೆಯ ವೈದ್ಯ ಎಸ್. ಎಲ್. ಮಲ್ಹೋತ್ರಾ. ದೇಶದುದ್ದ ಒಂದೇ ಬಗೆಯ ಕೆಲಸ ಮಾಡುತ್ತ ಬೇರೆಬೇರೆ ಊಟ ಉಣ್ಣುವ ಲಕ್ಷಾಂತರ ರೈಲ್ವೆ ನೌಕರರು ಅವರಿಗೆ ಅಧ್ಯಯನ ಕ್ಷೇತ್ರವಾದರು. 1964ರಿಂದ ಅವರು ಪ್ರಕಟಿಸಿದ ಲೇಖನಗಳಲ್ಲಿ ಅಕ್ಕಿ ತಿನ್ನುವ ದಕ್ಷಿಣದವರಲ್ಲಿ ಹೊಟ್ಟೆಹುಣ್ಣು ಹೆಚ್ಚು, ತೌಡಿನ ಗೋಧಿ ತಿನ್ನುವ ಉತ್ತರದವರಲ್ಲಿ ಕಡಿಮೆ ಎಂಬ ಚಿತ್ರ ಬಂತು. ಅಗಿದು ತಿನ್ನಬೇಕಾದ ನಾರಿನ ಆಹಾರದ ಮೇಲೆ ಅವರು ಒತ್ತು ಕೊಟ್ಟರು. ಜೀರ್ಣಾಂಗದ ಕ್ಯಾನ್ಸರುಗಳ ಬಗೆಗೂ ಬರೆದರು. 1874ರಿಂದ ಸಿಕಂದರಾಬಾದಿನ ಹಾದಿ ಕೂಡಿಕೊಂಡ ವಾಡಿ ಜಂಕ್ಷನ್ನಿನಂಥ ಊರುಗಳಲ್ಲಿ ಅಕ್ಕಿ, ಜೋಳ, ಗೋಧಿ ಮೂರೂ ಒಂದೇ ಕ್ವಾರ್ಟರ್ಸ್ ಸಾಲಿನಲ್ಲಿ ಬೇಯುತ್ತವೆ. ಮಲ್ಹೋತ್ರಾರ ದೃಷ್ಟಿ ಎಷ್ಟು ಸರಿಯಾದ ಜಾಗದಲ್ಲಿತ್ತು ಎಂಬುದು ಇಂಥ ಊರುಗಳನ್ನು ಕಂಡವರಿಗೆ ಅರ್ಥವಾಗುತ್ತದೆ.

ನಾರು ಒಳಗೆ ಮಾಡುವ ಕೆಲಸ ಏನೆಂಬುದಕ್ಕೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಒಂದು ಸುಂದರ ಉತ್ತರ ಕೊಟ್ಟಿತು. ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು 2000ದಲ್ಲಿ ಕಾಲರಾ ರೋಗಿಗಳಿಗೆ ಜೀವಜಲದ (ಒಆರ್‌ಎಸ್) ಜೊತೆ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟ ಬೆರೆಸಿ ಕೊಟ್ಟರು. ಭೇದಿಯಾಗಿ ಹೋಗುವ ನೀರು ಕಡಿಮೆಯಾಯಿತು. ಜೀರ್ಣವಾಗದೆ ಉಳಿದ ಪಿಷ್ಟವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆ ಅವನ್ನು ಹೀರುವಾಗ ಉಪ್ಪನ್ನೂ ನೀರನ್ನೂ ಒಳಗೆಳೆದುಕೊಳ್ಳುತ್ತದೆ. ಬ್ಯುಟಿರೇಟ್ ಆ ಗೋಡೆಯ ಜೀವಕೋಶಗಳಿಗೆ ಮುಖ್ಯ ಇಂಧನವೂ ಹೌದು.

ಕಾಳು ತಿಂದಾಗಿನ ವಾಯುವಿನ ಗುಟ್ಟೂ ಇಲ್ಲೇ ಇದೆ. ತೊಗರಿ, ಕಡಲೆ, ಉದ್ದುಗಳಲ್ಲಿರುವ ರ‍್ಯಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಅವು ಇಡಿಯಾಗಿ ದೊಡ್ಡ ಕರುಳಿಗೆ ಇಳಿದು ಬ್ಯಾಕ್ಟೀರಿಯಾಗಳ ಊಟವಾಗುತ್ತವೆ. ಅನಿಲ ಅದರ ಶೇಷ. ನೆನೆಸಿ ನೀರು ಚೆಲ್ಲಿದರೆ, ಮೊಳಕೆ ಬರಿಸಿದರೆ ಈ ಸಕ್ಕರೆಗಳು ಇಳಿಯುತ್ತವೆ. ಕರುಳು ಸೂಕ್ಷ್ಮವಾಗಿರುವವರು, ಅಂದರೆ ಊಟವಾದ ಕೂಡಲೇ ಹೊಟ್ಟೆ ಉಬ್ಬಿ ನೋಯುವವರು, ಒಂದೇ ಸಲ ಮಾಂಸ ಬಿಟ್ಟು ಕಾಳಿಗೆ ಬಂದರೆ ಸೋಲುತ್ತಾರೆ. ಸ್ವಲ್ಪಸ್ವಲ್ಪ ಏರಿಸುತ್ತ ಹೋದರೆ ಬ್ಯಾಕ್ಟೀರಿಯಾಗಳ ಸಮುದಾಯವೇ ಬದಲಾಗಿ, ಹೆಚ್ಚಿನವರಲ್ಲಿ ತೊಂದರೆ ತಗ್ಗುತ್ತದೆ.

ಯಾವ ಬ್ಯಾಕ್ಟೀರಿಯಾ, ಯಾರ ತಟ್ಟೆ

ಡಿಎನ್‌ಎ ಓದುವ ಯಂತ್ರಗಳು ಅಗ್ಗವಾದ ಮೇಲೆ ಕರುಳಿನ ಸೂಕ್ಷ್ಮಜೀವಿಗಳನ್ನು ಹೆಸರಿಟ್ಟು ಗುರುತಿಸುವುದು ಸಾಧ್ಯವಾಯಿತು. 2010ರ ಒಂದು ಅಧ್ಯಯನ ನಮಗೆ ಬಹಳ ಹತ್ತಿರದ್ದು. ಇಟಲಿಯ ಸಂಶೋಧಕರು ಫ್ಲಾರೆನ್ಸಿನ ಮಕ್ಕಳನ್ನೂ ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊದ ಒಂದು ಹಳ್ಳಿಯ ಮಕ್ಕಳನ್ನೂ ಹೋಲಿಸಿದರು. ಆ ಹಳ್ಳಿಯ ಮಕ್ಕಳ ಊಟ ಜೋಳ, ಸಜ್ಜೆ, ಅಲಸಂದಿ, ಸೊಪ್ಪು; ಮಾಂಸ ಅಪರೂಪ. ಅವರ ಕರುಳಿನಲ್ಲಿ ನಾರನ್ನು ಒಡೆಯುವ ಪ್ರಿವೊಟೆಲ್ಲಾ ಬ್ಯಾಕ್ಟೀರಿಯಾಗಳು ತುಂಬಿದ್ದವು, ಸಣ್ಣ ಕೊಬ್ಬಿನಾಮ್ಲಗಳು ಫ್ಲಾರೆನ್ಸಿನವರಿಗಿಂತ ಹೆಚ್ಚಿದ್ದವು. ಚಿಂಚೋಳಿಯ ತಾಂಡಾದ ಅಥವಾ ಚಿತ್ತಾಪುರದ ಹೊಲದ ಮನೆಯ ಊಟದ ಪಟ್ಟಿ ಬರೆದರೂ ಹೆಚ್ಚುಕಡಿಮೆ ಅದೇ ಆಗುತ್ತದೆ. 2019ರಲ್ಲಿ ಭೋಪಾಲದ ವಿಜ್ಞಾನಿಗಳು ಮಧ್ಯಪ್ರದೇಶದ ಮತ್ತು ಕೇರಳದ ಒಟ್ಟು 110 ಜನರನ್ನು ಪರೀಕ್ಷಿಸಿದಾಗ, ಸಸ್ಯಾಹಾರ ಹೆಚ್ಚಿರುವ ಭೋಪಾಲದವರಲ್ಲಿ ಪ್ರಿವೊಟೆಲ್ಲಾ ಮೇಲುಗೈ, ಮಿಶ್ರಾಹಾರದ ಕೇರಳದವರಲ್ಲಿ ಬ್ಯಾಕ್ಟಿರಾಯ್ಡಿಸ್ ಮುಂತಾದವು ಹೆಚ್ಚು ಎಂದು ಕಂಡಿತು.

ಹೋಲಿಕೆ ಮಾತ್ರದಿಂದ ಕಾರಣ ಗೊತ್ತಾಗುವುದಿಲ್ಲ. ಅದಕ್ಕೆ ಅದಲುಬದಲಿನ ಪ್ರಯೋಗಗಳು ಬಂದವು. 2014ರಲ್ಲಿ ಅಮೆರಿಕದಲ್ಲಿ ಸ್ವಯಂಸೇವಕರಿಗೆ ಐದು ದಿನ ಮಾಂಸ, ತತ್ತಿ, ಚೀಸ್ ಮಾತ್ರ ಕೊಟ್ಟಾಗ, ಪಿತ್ತರಸವನ್ನು ಸಹಿಸುವ ಬಿಲೋಫಿಲಾದಂಥ ಬ್ಯಾಕ್ಟೀರಿಯಾಗಳು ಹೆಚ್ಚಿ, ನಾರು ಹುದುಗಿಸುವವು ಕುಗ್ಗಿದವು. 2015ರಲ್ಲಿ ಸ್ಟೀಫನ್ ಓಕೀಫ್ ತಂಡ ಪಿಟ್ಸ್‌ಬರ್ಗ್‌ನ 20 ಆಫ್ರಿಕನ್ ಅಮೆರಿಕನ್ನರಿಗೆ ಎರಡು ವಾರ ದಕ್ಷಿಣ ಆಫ್ರಿಕದ ಹಳ್ಳಿಯ ನಾರಿನ ಊಟವನ್ನೂ, ಅಲ್ಲಿನ 20 ಹಳ್ಳಿಗರಿಗೆ ಮಾಂಸ ಕೊಬ್ಬಿನ ಅಮೆರಿಕದ ಊಟವನ್ನೂ ಕೊಟ್ಟಿತು. ಅಮೆರಿಕನ್ನರಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟು ಏರಿತು, ಹಳ್ಳಿಗರಲ್ಲಿ ಅರ್ಧಕ್ಕಿಳಿಯಿತು. ಕರುಳಿನ ಗೋಡೆಯ ಉರಿಯೂತದ ಗುರುತುಗಳೂ ಅದಕ್ಕೆ ತಕ್ಕಂತೆ ಬದಲಾದವು. ಎರಡೇ ವಾರದಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ, ಕೆಂಪು ಮಾಂಸವನ್ನು ಬಹುಶಃ ಕಾರಕವೆಂದೂ ವರ್ಗೀಕರಿಸಿತು. ದಿನವೂ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಏರುತ್ತದೆ ಎಂಬುದು ಅದರ ಅಂದಾಜು.

ಈ ಫಲಿತಾಂಶಗಳನ್ನು ನಮ್ಮೂರಿಗೆ ತರುವಾಗ ಎಚ್ಚರ ಬೇಕು. ಪ್ರಯೋಗದಲ್ಲಿ ಮಾಂಸವೆಂದರೆ ದಿನಕ್ಕೆ ಎರಡು ಮೂರು ಹೊತ್ತು, ರೊಟ್ಟಿ ಕಾಳುಗಳನ್ನು ತಟ್ಟೆಯಿಂದ ಹೊರಗಟ್ಟಿದ ಮಾಂಸ. ಶಹಾಬಾದಿನ ಕಲ್ಲುಗಣಿಯ ಕೆಲಸಗಾರನ ಮನೆಯಲ್ಲಿ ವಾರದ ಸಂತೆಯ ದಿನ ಅರ್ಧ ಕಿಲೊ ಮಾಂಸವನ್ನು ಆರೇಳು ಜನ ಹಂಚಿಕೊಂಡು ಜೋಳದ ರೊಟ್ಟಿಯೊಂದಿಗೆ ಉಂಡರೆ, ಅದನ್ನು ಆ ಪ್ರಯೋಗದ ತಟ್ಟೆಯೊಡನೆ ಹೋಲಿಸುವುದು ಅನ್ಯಾಯ. ಈ ಸೀಮೆಯ ಮುಸಲ್ಮಾನರ ಅಡುಗೆಯಲ್ಲಿ ದಾಲ್ಚಾ ಇದೆ. ತೊಗರಿ ಅಥವಾ ಕಡಲೆ ಬೇಳೆ, ಸೋರೆಕಾಯಿ, ಹುಣಸೆಹುಳಿಯ ಜೊತೆ ನಾಲ್ಕು ತುಂಡು ಮಾಂಸ ಬೇಯಿಸಿದ ಅಡುಗೆ. ಮಾಂಸ ರುಚಿಗೆ, ಹೊಟ್ಟೆಗೆ ಬೇಳೆ. ಅರ್ಧ ಮಾಂಸದ ಜಾಗದಲ್ಲಿ ಕಾಳು ಬೆರೆಸಬೇಕೆಂದು ಇಂದಿನ ಪೋಷಣ ತಜ್ಞರು ಪಾಶ್ಚಾತ್ಯರಿಗೆ ಹೇಳುತ್ತಿರುವುದನ್ನು ದಖ್ಖನಿನ ಮದುವೆ ಊಟಗಳು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಕರುಳಿಗೆ ಹಿತವಾದ ಮಾಂಸದಡುಗೆ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಬೆಂಗಳೂರಿನ ಅಳತೆ

ಈಗ ಮೆಕೇ ಬಿಟ್ಟುಹೋದ ಪ್ರಶ್ನೆಗೆ: ಬೇಳೆಯ ಪ್ರೋಟೀನ್ ಎಷ್ಟು ಮೈಗೆ ಹತ್ತುತ್ತದೆ? 100 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಆಡಿನ ಮಾಂಸದಲ್ಲೂ ಹತ್ತಿರ ಹತ್ತಿರ ಅಷ್ಟೇ. ಇದನ್ನು ನೋಡಿ ಬೇಳೆ ಮಾಂಸಕ್ಕೆ ಸಮ ಎನ್ನುವವರುಂಟು. ಮೊದಲನೆಯದಾಗಿ, ಆ ಅಂಕಿ ಹಸಿ ಬೇಳೆಯದು. ಬೆಂದ ಬೇಳೆಯ ತೂಕ ನೀರು ಕುಡಿದು ಎರಡು ಮೂರು ಪಟ್ಟಾಗಿರುತ್ತದೆ. ಎರಡನೆಯದು ಇನ್ನೂ ಮುಖ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಅನುರಾ ಕುರ್ಪಾಡ್ ಅವರ ತಂಡ, ಭಾರವಾದ ಹೈಡ್ರೋಜನ್ ಇರುವ ನೀರುಣಿಸಿ ಬೆಳೆಸಿದ ಕಾಳನ್ನೂ, ಅದೇ ರೀತಿ ಗುರುತು ಹಚ್ಚಿದ ಕೋಳಿಯ ಮಾಂಸ ತತ್ತಿಗಳನ್ನೂ ಜನರಿಗೆ ಉಣ್ಣಿಸಿ, ರಕ್ತಕ್ಕೆ ಸೇರಿದ ಅಮೈನೋ ಆಮ್ಲಗಳನ್ನು ಅಳೆಯುವ ವಿಧಾನ ರೂಪಿಸಿತು. 2018 ಮತ್ತು 2019ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ ಸಣ್ಣ ಕರುಳಿನಲ್ಲಿ ಕೋಳಿ ಮಾಂಸದ ಅಮೈನೋ ಆಮ್ಲಗಳು ಶೇ. 92ರಷ್ಟು, ತತ್ತಿಯವು ಶೇ. 90ರ ಆಸುಪಾಸು ಹೀರಲ್ಪಟ್ಟರೆ, ಕಡಲೆ ಮತ್ತು ಇಡೀ ಹೆಸರುಕಾಳಿನವು ಶೇ. 57ರಷ್ಟು ಮಾತ್ರ. ಹೆಸರಿನ ಸಿಪ್ಪೆ ತೆಗೆದಾಗ ಅಂಕಿ ಮೇಲೇರಿತು.

ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವ ಸಂಗತಿ ಇದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅನ್ನ ಒದಗಿಸುವ ಸಿಪ್ಪೆಯೇ ಸಣ್ಣ ಕರುಳಿನಲ್ಲಿ ಪ್ರೋಟೀನಿಗೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಒಂದೇ ಮನೆಯಲ್ಲಿ ಎಲ್ಲರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಎರಡು ವರ್ಷದ ಮಗುವಿನ ಹೊಟ್ಟೆ ಸಣ್ಣದು, ಬೆಳವಣಿಗೆ ವೇಗದ್ದು; ಅದಕ್ಕೆ ಸಿಪ್ಪೆ ತೆಗೆದು ಗಟ್ಟಿಯಾಗಿ ಬೇಯಿಸಿದ ಬ್ಯಾಳಿ, ತುಪ್ಪ, ಹಾಲು, ತಿನ್ನುವ ಮನೆಯಾದರೆ ತತ್ತಿ ಬೇಕು. ಹೊಟ್ಟೆ ಬೆಳೆದ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವ ನಲವತ್ತೈದರ ಗುಮಾಸ್ತನಿಗೆ ಇಡೀ ಕಾಳಿನ ಉಸುಳಿಯೇ ಮದ್ದು. ಸಿಪ್ಪೆ ಸಹಿತ ತೊಗರಿಯಲ್ಲಿ ನಾರು 100 ಗ್ರಾಂಗೆ 20 ಗ್ರಾಂ ದಾಟುತ್ತದೆ. ಒಡೆದ ಬೇಳೆಯಲ್ಲಿ ಸುಮಾರು 9. ಜೋಳದಲ್ಲಿ 10. ಮಾಂಸದಲ್ಲಿ ನಾರೇ ಇಲ್ಲ. ಗಿರಣಿಯಲ್ಲಿ ಬೇರ್ಪಟ್ಟ ಸಿಪ್ಪೆ, ಮೊಳಕೆಯ ತುದಿ, ನುಚ್ಚು ದನದ ಮೇವಾಗಿ ಹೋಗುತ್ತವೆ.

ಜೀರ್ಣವಾಗದ ಪ್ರೋಟೀನೂ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಿ ಅಮೋನಿಯಾ, ಹೈಡ್ರೋಜನ್ ಸಲ್ಫೈಡಿನಂಥ ಕಿರಿಕಿರಿಯ ಪದಾರ್ಥ ಮಾಡಬಲ್ಲವು. ಆದರೆ ಹುದುಗಿಸಲು ನಾರು ಜೊತೆಗಿದ್ದರೆ ಅವು ಮೊದಲು ನಾರಿಗೆ ಬಾಯಿ ಹಾಕುತ್ತವೆ. ಕಾಳಿನ ಪ್ರೋಟೀನ್ ತನ್ನ ನಾರನ್ನು ತಾನೇ ಹೊತ್ತು ಬರುತ್ತದೆ; ಮಾಂಸಕ್ಕೆ ಆ ಜೊತೆಯನ್ನು ನಾವು ಒದಗಿಸಬೇಕು.

ಕಾರ್ಖಾನೆಯ ಸಸ್ಯ ಮಾಂಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ರಯೋಗವೊಂದರಲ್ಲಿ 36 ಜನ ಎಂಟು ವಾರ ಮಾಂಸ, ಎಂಟು ವಾರ ಬಟಾಣಿ ಪ್ರೋಟೀನಿನ ಸಸ್ಯ ಮಾಂಸ ತಿಂದು ಹೋಲಿಸಿದಾಗ, ಹೃದಯಕ್ಕೆ ಅಪಾಯಕಾರಿಯೆಂದು ಶಂಕಿಸಲಾದ ಟಿಎಂಎಒ ಎಂಬ, ಕರುಳಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಹುಟ್ಟುವ ಪದಾರ್ಥ ರಕ್ತದಲ್ಲಿ ಕಡಿಮೆಯಾಯಿತು. ಕೆಟ್ಟ ಕೊಲೆಸ್ಟರಾಲೂ ಇಳಿಯಿತು. ನಮ್ಮ ಕಿರಾಣಿ ಅಂಗಡಿಗಳಲ್ಲಿ ಅದಕ್ಕಿಂತ ಹಳೆಯ, ಅಗ್ಗದ ಬದಲಿ ಇದೆ: ಸೋಯಾ ಉಂಡೆ, ಅಂಗಡಿಯವರ ಬಾಯಲ್ಲಿ ಮೀಲ್ ಮೇಕರ್. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ ಇದರ ತೂಕದಲ್ಲಿ ಅರ್ಧದಷ್ಟು ಪ್ರೋಟೀನ್, ನಾರೂ ತಕ್ಕಷ್ಟು. ಬಡವರ ಬಿರಿಯಾನಿಗೆ ಇದು ಹೊಕ್ಕದ್ದು ಯಾವ ಅಭಿಯಾನದಿಂದಲೂ ಅಲ್ಲ, ಬೆಲೆಯಿಂದ.

ಈ ಸೀಮೆಯ ಅಡುಗೆ, ಈ ಸೀಮೆಯ ಮಕ್ಕಳು

ಸಂಶೋಧನೆ ಬೇಡುವ ಜೋಡಿಗಳು ಇಲ್ಲಿನ ಅಡುಗೆಮನೆಯಲ್ಲಿ ಸಿದ್ಧವಾಗಿವೆ. ಪುಂಡಿ ಪಲ್ಯದಲ್ಲಿ ಹುಳಿಸೊಪ್ಪು, ತೊಗರಿ ಬೇಳೆ, ಜೋಳದ ನುಚ್ಚು ಒಂದೇ ಗಡಿಗೆಯಲ್ಲಿ ಬೇಯುತ್ತವೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಬೇಳೆಯಿಂದ, ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೊನಿನ್ ಜೋಳದಿಂದ ಬರುತ್ತದೆ. ಪುಂಡಿಯ ಹುಳಿ ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಭಜ್ಜಿಗೆ ಹಸಿ ತೊಗರಿ, ಅವರೆ, ಕಡಲೆ, ಹತ್ತಾರು ಬಗೆಯ ಸೊಪ್ಪು ತರಕಾರಿ ಬೀಳುತ್ತವೆ, ಜೊತೆಗೆ ಸಜ್ಜೆಯ ಕಡಬು, ಹುಳಿ ಬಂದ ಅಂಬಲಿ. ಅಗಸಿ ಹಿಂಡಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು ದಿನವೂ ರೊಟ್ಟಿಯ ಮಗ್ಗುಲಲ್ಲಿರುತ್ತವೆ. ಬ್ಯಾಕ್ಟೀರಿಯಾಗಳಿಗೆ ಬೇಕಾದ ನಾರಿನ ವೈವಿಧ್ಯಕ್ಕೆ ಇದಕ್ಕಿಂತ ಒಳ್ಳೆಯ ಊಟವನ್ನು ಪ್ರಯೋಗಾಲಯ ರೂಪಿಸಲಾರದು.

ಕೊರತೆ ಇರುವುದು ಪ್ರಮಾಣದಲ್ಲಿ. ತೊಗರಿ ಬೆಳೆಯುವವನು ಹಣದ ಅವಸರಕ್ಕೆ ಕಾಳನ್ನೆಲ್ಲ ಮಾರಿ ಅಂಗಡಿಯಿಂದ ಬೇಳೆ ತರುತ್ತಾನೆ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಕೂಲಿಯ ಮನೆಗೆ ಬೇಳೆ ಅಗ್ಗದ ಪದಾರ್ಥವಾಗಿ ಉಳಿದಿಲ್ಲ. ಸಾರು ತೆಳ್ಳಗಾಗುತ್ತ ಹೋಗುತ್ತದೆ, ರೊಟ್ಟಿಯ ಜಾಗಕ್ಕೆ ಪಡಿತರದ ಪಾಲಿಶ್ ಅಕ್ಕಿ ಬರುತ್ತದೆ. ಮಾಂಸವೂ ಕಡಿಮೆ, ಕಾಳೂ ಕಡಿಮೆ, ನಾರೂ ಕಡಿಮೆ ಆದ ಈ ತಟ್ಟೆಗೆ ಮಾಂಸ ಬಿಡಿ ಎಂದು ಉಪದೇಶಿಸುವುದು ನನಗೆ ಒಪ್ಪಿಗೆಯಾಗದ ಮಾತು. ಮಾಂಸ ಹೆಚ್ಚಿರುವ ತಟ್ಟೆಗಳಿಗೆ ಆ ಸಲಹೆ ಸಲ್ಲುತ್ತದೆ. ಕಲಬುರಗಿ, ಹೈದರಾಬಾದಿನ ಹೋಟೆಲುಗಳಲ್ಲಿ ವಾರಕ್ಕೆ ನಾಲ್ಕು ದಿನ ಬಿರಿಯಾನಿ, ಕಬಾಬು ತಿನ್ನುವ ಯುವಕರಿಗೆ ಅದನ್ನು ಒತ್ತಿಯೇ ಹೇಳಬೇಕು.

ಬಿ12 ಜೀವಸತ್ವ ಯಾವ ಬೇಳೆಯಲ್ಲೂ ಇಲ್ಲ ಎಂಬುದನ್ನು ಇದರ ಜೊತೆಗೇ ಹೇಳಬೇಕು. ಮಾಂಸ, ತತ್ತಿ ಪೂರ್ತಿ ಬಿಟ್ಟವರಿಗೆ ಹಾಲು ಮೊಸರು ಸಾಕಷ್ಟು ಸಿಗದಿದ್ದರೆ ಮಾತ್ರೆ ಬೇಕಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಕಲಬುರಗಿ, ಯಾದಗಿರಿ, ಬೀದರ, ರಾಯಚೂರು ಮುಂತಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಬೇಯಿಸಿದ ತತ್ತಿ, ಬೇಡದವರಿಗೆ ಬಾಳೆಹಣ್ಣು ಕೊಡಲು ಶುರುವಾದಾಗ ಕೆಲವು ಮಠಗಳಿಂದ ತೀವ್ರ ವಿರೋಧ ಬಂತು. ಯೋಜನೆ ನಿಲ್ಲದೆ ಮುಂದೆ ರಾಜ್ಯಕ್ಕೆಲ್ಲ ಹರಡಿತು. ಶೇ. 90ರಷ್ಟು ಮೈಗೆ ಹತ್ತುವ ಪ್ರೋಟೀನ್, ಬಿ12 ಎರಡೂ ಇರುವ ಒಂದು ತತ್ತಿ, ಶೇ. 57ರ ಲೆಕ್ಕದ ಕಾಳಿನ ಪಕ್ಕದಲ್ಲಿ ಕುಳಿತಾಗ ಬೆಳೆಯುವ ಮಗುವಿಗೆ ಏನು ಸಿಗುತ್ತದೆ ಎಂಬುದಕ್ಕೆ ಬೆಂಗಳೂರಿನ ಅಳತೆಗಳೇ ಉತ್ತರ. ಬಾಳೆಹಣ್ಣಿನಲ್ಲಿ ಬಿ12 ಇಲ್ಲ, ಪ್ರೋಟೀನ್ ಅತ್ಯಲ್ಪ. ತತ್ತಿ ತಿನ್ನದ ಮನೆಗಳ ಮಕ್ಕಳಿಗೆ ಅದರ ಬದಲು ಗಟ್ಟಿ ತೊಗರಿ ಬ್ಯಾಳಿ, ಒಂದು ಲೋಟ ಹಾಲು ಕೊಡುವ ಏರ್ಪಾಡು ತೊಗರಿಯ ಜಿಲ್ಲೆಯಿಂದಲೇ ಆರಂಭವಾಗಬೇಕು. ಕಾಳು ಇಲ್ಲೇ ಬೆಳೆಯುತ್ತದೆ, ಗಿರಣಿಗಳು ಇಲ್ಲೇ ಇವೆ, ಶಾಲೆಯ ಅಡುಗೆಮನೆಗಳೂ ನಡೆಯುತ್ತಿವೆ.